ಪಾನನಿವೃತ್ತಿ ಮೀಮಾಂಸೆ: ಆಗಂತುಕ ಪ್ರಕರಣ

ಭರತಮುನಿ ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ. ಸಿಂಗರಿಸಿಕೊಂಡು ಕಾದವಳು, ಜಗಳವಾಡಿ ಪರಿತಪಿಸಿದವಳು, ಇರುಳಲ್ಲಿ ನಲ್ಲನನ್ನು ಅರಸಿ ಹೊರಟವಳು, ಎಲ್ಲರಿಗೂ ಒಂದೊಂದು ಹೆಸರು ಸಿಕ್ಕಿತು. ಸಂಜೆ ಏಳಕ್ಕೆ ಚರ್ಚಿನ ಹಿಂದಿನ ಕೋಣೆಯನ್ನು ಹುಡುಕುತ್ತ, ಬೆವರು ಒರೆಸುವ ನೆಪದಲ್ಲಿ ಕರ್ಚೀಫಿನಿಂದ ಮುಖ ಮುಚ್ಚಿಕೊಂಡು ಹೊರಟ ನಾಯಕನಿಗೆ ಮಾತ್ರ ಯಾವ ಲಾಕ್ಷಣಿಕನೂ ಹೆಸರಿಡಲಿಲ್ಲ. ಆ ಲೋಪ ತುಂಬಲು ಈ ಪ್ರಕರಣ. (ಪುಲ್ಲಿಂಗವನ್ನು ಸ್ತ್ರೀಲಿಂಗದಲ್ಲೂ ಓದಿಕೊಳ್ಳತಕ್ಕದ್ದು, ಆಕೆಯ ಕರ್ಚೀಫು ಇನ್ನೂ ದೊಡ್ಡದು.)

ಮೊದಲು ಕ್ಷೇತ್ರವಿಚಾರ. ಕುಡಿತ ಬಿಡಲು ನಮ್ಮಲ್ಲಿ ಪ್ರಸಿದ್ಧ ಮತಗಳು ಎರಡು. ಒಂದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್, ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬಿಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದೇ ಇದರ ಮೂಲ. ಇನ್ನೊಂದು ಧರ್ಮಸ್ಥಳದ ಜನಜಾಗೃತಿ ವೇದಿಕೆಯದು: ಎಂಟು ದಿನದ ಮದ್ಯವರ್ಜನ ಶಿಬಿರ, ಆಮೇಲೆ ಊರಿನಲ್ಲೇ ನವಜೀವನ ಸಮಿತಿ. ಮೊದಲನೆಯದರಲ್ಲಿ ನೀವು ಯಾರೆಂದು ಹೊರಗೆ ಗೊತ್ತಾಗಬಾರದು. ಎರಡನೆಯದರಲ್ಲಿ ಊರಿಗೆಲ್ಲ ಗೊತ್ತಾಗಿಯೇ ತೀರುತ್ತದೆ. ನಾಚಿಕೆಯನ್ನು ಒಂದು ಕಾಪಾಡುತ್ತದೆ, ಇನ್ನೊಂದು ದುಡಿಸಿಕೊಳ್ಳುತ್ತದೆ.

ಇಲ್ಲೊಂದು ಅಪವಾದವುಂಟು, ಇದರಲ್ಲಿ ತಮಾಷೆಯಿಲ್ಲ. ಬೆಳಗ್ಗೆ ಎದ್ದೊಡನೆ ಕೈ ನಡುಗಿ, ಒಂದು ಪೆಗ್ ಇಳಿದ ಮೇಲೇ ನಿಲ್ಲುತ್ತದೆ ಎಂಬಂಥವರು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಬಹುದು, ಪ್ರಾಣವೂ ಹೋಗಬಹುದು. ಅಂಥವರು ಮೊದಲು ವೈದ್ಯರ ಬಳಿ ಹೋಗಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಎಲ್ಲಿಂದ ಶುರುಮಾಡುವುದೆಂದೇ ತಿಳಿಯದವರಿಗೆ 14446 ಎಂಬ ಸರ್ಕಾರಿ ಸಹಾಯವಾಣಿ ಇದೆ.

ಇನ್ನು ಆಗಂತುಕರ ಲಕ್ಷಣ. ಹೆಂಡತಿಯೋ ಮೇಲಧಿಕಾರಿಯೋ ಅಟ್ಟಿದ್ದರಿಂದ ಬಂದವನು ಪ್ರೇಷಿತ. ಅವನ ಕಣ್ಣೆಲ್ಲ ಗಡಿಯಾರದ ಮೇಲೆ. ‘ನನಗಲ್ಲ, ನನ್ನ ಫ್ರೆಂಡ್ ಒಬ್ಬನಿಗೆ’ ಎಂದು ವಿಚಾರಿಸುವವನು ಪರಾರ್ಥಿ. ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ ಯಾರ್‍ಯಾರು ಒಳಗೆ ಹೋದರೆಂದು ನೋಡಿ ಮನೆಗೆ ಮರಳುವವನು ದ್ವಾರಸ್ಥ. ಇವರೆಲ್ಲ ಸರಳ ಜೀವಿಗಳು. ಶಾಸ್ತ್ರಕ್ಕೆ ನಿಜವಾದ ಗ್ರಾಸ ತುಲನಾಚಾರ್ಯ. ಅವನು ಒಳಗೆ ಬರುತ್ತಾನೆ, ಕೂರುತ್ತಾನೆ, ಎಲ್ಲರ ಕಥೆಯನ್ನೂ ಗಮನವಿಟ್ಟು ಕೇಳಿ, ತಾನು ಇಲ್ಲಿಗೆ ಸೇರಿದವನಲ್ಲ ಎಂದು ಸಿದ್ಧಾಂತ ಮಾಡುತ್ತಾನೆ.

ಇವನಲ್ಲಿ ಉಪಭೇದಗಳು ಮೂರು. ಪರಿಮಾಣವಾದಿ: ‘ಅವನು ದಿನಕ್ಕೆ ಎರಡು ಕ್ವಾರ್ಟರ್ ಹಾಕ್ತಾನಂತೆ, ನಂದು ಒಂದು ನೈಂಟಿ ಅಷ್ಟೆ.’ ಆ ನೈಂಟಿ ಎಷ್ಟು ಸಲ ಎಂದು ಯಾರೂ ಕೇಳಬಾರದು. ದ್ರವ್ಯವಾದಿ: ‘ನಾನು ಬಿಯರ್ ಬಿಟ್ಟು ಬೇರೆ ಮುಟ್ಟಲ್ಲ.’ ಈ ವಾದಕ್ಕೆ ಕರ್ನಾಟಕದ ಇತಿಹಾಸದಲ್ಲೇ ಉತ್ತರವಿದೆ. 2007ರ ಜುಲೈನಲ್ಲಿ ಪ್ಯಾಕೆಟ್ ಸಾರಾಯಿ ನಿಂತಿತು. ಅದೇ ಗಂಟಲುಗಳು ಅಗ್ಗದ ವಿಸ್ಕಿಗೆ ತಿರುಗಿದವು. ದ್ರವ್ಯ ನಾಶವಾದರೆ ಗುಣವೂ ನಾಶವಾಗಬೇಕೆಂದು ನೈಯಾಯಿಕರು ಹೇಳುತ್ತಾರೆ. ಅವರು ಅಬಕಾರಿ ಇಲಾಖೆಯನ್ನು ಕಂಡಿರಲಿಲ್ಲ.

ಮೂರನೆಯವನು ಕಾಲವಾದಿ, ಎಲ್ಲರಿಗಿಂತ ಗಟ್ಟಿಗ. ‘ಶ್ರಾವಣದಲ್ಲಿ ಒಂದು ತೊಟ್ಟು ಮುಟ್ಟಲ್ಲ. ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ವಾಸನೆಯೂ ನೋಡಲ್ಲ. ಬೇಕಂದಾಗ ಬಿಡಬಲ್ಲೆ.’ ಮಾತು ನಿಜ, ಬಿಟ್ಟೂ ತೋರಿಸಿದ್ದಾನೆ. ಅದನ್ನು ಗುಂಪಿನ ಹಳಬರು ಅಲ್ಲಗಳೆಯುವುದೇ ಇಲ್ಲ, ಅವರಲ್ಲೂ ಹಲವರು ಮಾಲೆ ಹಾಕಿದವರೇ. ಅವರ ಶಾಸ್ತ್ರವೆಲ್ಲ ಇರುವುದು ನಲವತ್ತೆರಡನೆಯ ದಿನದ ಬಗ್ಗೆ. ಮಾಲೆ ತೆಗೆದ ಸಂಜೆ ಯಾರಿಗೆ ಫೋನ್ ಮಾಡಬೇಕು, ಯಾವ ರಸ್ತೆಯಲ್ಲಿ ಮನೆಗೆ ಹೋಗಬಾರದು, ಮದುವೆಮನೆಯಲ್ಲಿ ಭಾವಮೈದುನ ಗ್ಲಾಸು ಚಾಚಿದರೆ ಏನೆನ್ನಬೇಕು: ಮೀಟಿಂಗಿನಲ್ಲಿ ನಡೆಯುವ ತತ್ತ್ವಚಿಂತನೆ ಬಹುಪಾಲು ಇದೇ.

ವರ್ಗೀಕರಣಕಾರನಿಗೆ ಎಎ ಮಾಡಿದ ಅವಮಾನವನ್ನೂ ದಾಖಲಿಸಬೇಕು. ಅವರ ಹನ್ನೆರಡು ಸಂಪ್ರದಾಯಗಳಲ್ಲಿ ಮೂರನೆಯದರ ಪ್ರಕಾರ ಸದಸ್ಯತ್ವಕ್ಕೆ ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಆಸೆ. ಕ್ವಾರ್ಟರ್ ಲೆಕ್ಕವಿಲ್ಲ, ಬ್ರ್ಯಾಂಡ್ ಭೇದವಿಲ್ಲ, ಶುಲ್ಕವಿಲ್ಲ. ಸದಸ್ಯರು ತಾವೇ ಹಾಕಿದ ಕಾಸಿನಲ್ಲಿ ಬಾಡಿಗೆ, ಟೀ ಸಾಗಬೇಕು. ಹೊರಗಿನವರು ಲಕ್ಷ ಕೊಟ್ಟರೂ ಒಲ್ಲೆ ಎನ್ನುತ್ತಾರೆ. ಹೆಸರು ಹೇಳಿ, ಇಷ್ಟವಿದ್ದರೆ ಮಾತಾಡಿ, ಇಲ್ಲವಾದರೆ ಕೇಳಿ. ನಡುವೆ ಬಾಯಿ ಹಾಕಿ ಬುದ್ಧಿ ಹೇಳುವಂತಿಲ್ಲ. ನಾಲ್ಕು ಜನ ಸೇರಿದಲ್ಲೆಲ್ಲ ಉಪದೇಶ ಶುರುವಾಗುವ ನಮ್ಮ ನಾಡಿನಲ್ಲಿ ಕುಡಿತ ಬಿಡುವುದಕ್ಕಿಂತ ಇದೇ ಕಷ್ಟದ ವ್ರತ. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಬಹುದು. ದೇವರ ಮಾತು ಬಂದಾಗ ಎದ್ದುಹೋಗಬೇಕೆನಿಸುವ ನಿರೀಶ್ವರವಾದಿಗಳು ಆ ಜಾಗದಲ್ಲಿ ಗುಂಪನ್ನೇ ಇಟ್ಟುಕೊಂಡು ಪಾರಾಗಿದ್ದಾರೆ.

ಇದಕ್ಕೆಲ್ಲ ಶಬ್ದಪ್ರಮಾಣ ಮಾತ್ರವೇ ಎನ್ನುವ ತಾರ್ಕಿಕರಿಗೆ: ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ 27 ಅಧ್ಯಯನಗಳನ್ನು ಜಾಲಾಡಿತು. ಪೂರ್ತಿ ಬಿಟ್ಟೇ ಇರುವ ವಿಷಯದಲ್ಲಿ, ಎಎಗೆ ದಾಟಿಸುವ ಕ್ರಮಬದ್ಧ ಚಿಕಿತ್ಸೆ ಉಳಿದ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಮುಂದಿದೆ ಎಂದು ಕಂಡುಕೊಂಡಿತು.

ಕೊನೆಗೆ, ಪ್ರೇಷಿತನನ್ನು ಅಟ್ಟಿದಾಕೆಯ ವಿಚಾರ. ಆಕೆಗೂ ಒಂದು ಗುಂಪುಂಟು, ಆಲ್-ಅನಾನ್. 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಬಿಲ್ ವಿಲ್ಸನ್ನರ ಹೆಂಡತಿ ಲೋಯಿಸ್ ಒಬ್ಬರು. ಗೇಟು ತೆರೆದ ಸದ್ದಿನಿಂದಲೇ ಇವತ್ತು ನೈಂಟಿಯೋ ಕ್ವಾರ್ಟರೋ ಎಂದು ಅಡುಗೆಮನೆಯಲ್ಲೇ ನಿರ್ಣಯಿಸಬಲ್ಲ ಆಕೆಯ ಮುಂದೆ ನಮ್ಮ ಲಕ್ಷಣಶಾಸ್ತ್ರ ಇನ್ನೂ ಅ ಆ ಇ ಈ. ಆಕೆ ಅಲ್ಲಿಗೆ ಹೋಗಲು ಗಂಡ ಕುಡಿತ ಬಿಟ್ಟಿರಬೇಕಾಗಿಲ್ಲ, ಬಿಡುತ್ತೇನೆ ಎಂದಿರಬೇಕಾಗಿಯೂ ಇಲ್ಲ.