ಶೀಳನೆರೆಯ ಜಗಲಿಯೂ ಜೋಡಿ ನಮೂದಿನ ಉಗಮವೂ

ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಎಂದು ಕಾಮರ್ಸ್‌ನವರು ನಂಬಿಕೊಂಡಿದ್ದಾರೆ. ಈ ಮಹಾಪ್ರಮಾದದ ಖಂಡನೆಯೇ ಪ್ರಸ್ತುತ ಪ್ರಬಂಧದ ಉದ್ದೇಶ. ಸದರಿ ಪದ್ಧತಿಯ ಮೂಲ ಕೆ.ಆರ್. ಪೇಟೆ ತಾಲ್ಲೂಕು ಶೀಳನೆರೆ ಹೋಬಳಿಯ ಜಗಲಿಗಳ ಅಳಗುಳಿಮಣೆ. ಪಾಚೋಲಿ ಈ ಕಡೆ ಬಂದದ್ದಕ್ಕೆ ದಾಖಲೆ ಎಲ್ಲಿ ಎಂಬುದು ಪೂರ್ವಪಕ್ಷ. ಕದ್ದವನು ರಸೀದಿ ಬಿಟ್ಟು ಹೋಗುತ್ತಾನೆಯೇ ಎಂಬುದು ಸಿದ್ಧಾಂತ.

ಮಣೆಯನ್ನೇ ನೋಡಿ. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 5ರಂತೆ 70 ಹುಣಸೆಬೀಜ. ಈಚೆ ಕೂತವರಿಗೆ ಜಮಾ ಆದದ್ದು ಆಚೆ ಕೂತವರಿಗೆ ಖರ್ಚು. ಬ್ಯಾಂಕಿನ ಪಾಸ್‌ಬುಕ್ಕಿಗೂ ನಮ್ಮ ಕಿರ್ದಿಗೂ ಇರುವ ತಿರುಗಾಮುರುಗಾ ಸಂಬಂಧವೇ ಇದು. ಒಂದು ಗುಳಿಯಿಂದ ಬಾಚಿದ್ದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬೀಳಲೇಬೇಕು. ಮಣೆಯಲ್ಲಿರುವುದನ್ನೂ ಮಡಿಲಿಗೆ ಹಾಕಿಕೊಂಡದ್ದನ್ನೂ ಕೂಡಿದರೆ ಯಾವಾಗಲೂ 70. ತಾಳೆಪಟ್ಟಿ ಎಂದರೆ ಇಷ್ಟೇ. ಪಿಯುಸಿ ಹುಡುಗರಿಗೆ ಇದನ್ನು ಕಲಿಸಲು ನಕಲಿ ನೋಟಿನ ಬಿಸಿನೆಸ್ ಆಟ ತರಿಸುವವರೂ ಉಂಟು. ಅದರಲ್ಲಿ ಹೋಟೆಲು ಕಟ್ಟಲು ಬರುತ್ತದೆ, ಕಿರ್ದಿ ಬರೆಯಲು ಬರುವುದಿಲ್ಲ.

ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯೇ? ದೃಷ್ಟಾಂತ: ಅಜ್ಜಿಯೊಬ್ಬರು ಬೀಜ ಬಿಡುತ್ತಾ ಬಂದು, ಒಂದು ಗುಳಿ ಹಾರಿಸಿ ಮುಂದಿನದಕ್ಕೆ ಎರಡು ಹಾಕುತ್ತಾರೆ. ಕಾಮರ್ಸ್ ಓದುವ ಮೊಮ್ಮಗ ತಕರಾರು ತೆಗೆಯುತ್ತಾನೆ.

“ಎಣಿಸ್ಕೊಳ್ಲಾ ಬೇಕಾದ್ರೆ, ಎಪ್ಪತ್ತೂ ಐತೆ!”

ಎಣಿಸುತ್ತಾನೆ, ಇದೆ. ತಪ್ಪು ಖಾತೆಗೆ ಏರಿಸಿದ ಮೊತ್ತ ತಾಳೆಪಟ್ಟಿಯಲ್ಲಿ ಸಿಕ್ಕಿಬೀಳುವುದಿಲ್ಲವೆಂದು ಮನದಟ್ಟು ಮಾಡಲು ಕಾಲೇಜಿಗೆ ಒಂದು ಪೀರಿಯಡ್ಡು ಬೇಕು, ಅಜ್ಜಿಗೆ ಎರಡು ಬೆರಳು. ಇಂಥವರನ್ನು ಆಡಿಟ್ಟಿಗೆ ಕಳಿಸಬೇಕೋ ಆಡಿಟ್ಟಿನಿಂದ ದೂರ ಇಡಬೇಕೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. (ಅಶೋಕವನದಲ್ಲಿ ಸೀತೆ ಈ ಆಟವನ್ನು ಒಬ್ಬಳೇ ಆಡಿದಳೆಂಬ ಕಥೆಯಿದೆ. ಏಕವ್ಯಕ್ತಿ ವ್ಯಾಪಾರಕ್ಕೆ ಇದಕ್ಕಿಂತ ಹಳೆಯ ಉದಾಹರಣೆ ಬೇರೆ ಬೇಕೆ?)

ಇನ್ನು ಸವಕಳಿ. ಕವಡೆಯಲ್ಲಿ ಆಡುವ ಮನೆಗಳಲ್ಲಿ ಈ ಅಧ್ಯಾಯ ನಡೆಯುವುದಿಲ್ಲ. ಹುಣಸೆಬೀಜವಾದರೆ ಮಳೆ ಹಿಡಿದ ಸಂಜೆ ಹುರಿದು, ಸಿಪ್ಪೆ ಬಿಡಿಸಿ, ಕಟಕಟನೆ ಕಡಿಯಬಹುದು. ಮಾರನೆಯ ದಿನ ಎಣಿಸಿದರೆ 61. ಮೊಮ್ಮಗ ಇದನ್ನು ಡಿಪ್ರಿಸಿಯೇಷನ್ ಎಂದು ಬರೆದ. ಮಾಲೀಕರೇ ಸ್ವಂತಕ್ಕೆ ತೆಗೆದುಕೊಂಡದ್ದರಿಂದ ಡ್ರಾಯಿಂಗ್ಸ್ ಎಂದು ಲೆಕ್ಚರರು ತಿದ್ದಿದರು. ಅಜ್ಜಿ ಎರಡನ್ನೂ ಒಪ್ಪದೆ ಒಂಬತ್ತನ್ನೂ ಮೊಮ್ಮಗನ ಲೆಕ್ಕಕ್ಕೇ ಹಾಕಿದ್ದಾರೆ.