ಕುರ್ಚಿ ಮೇಲಿನವರು ಹೇಳದ್ದು, ಜಮಖಾನ ಹೇಳಿದ್ದು

ರಸ್ತೆ ತಡೆಗೆ ಸಾತನೂರು ಸರ್ಕಲ್ಲಿಗಿಂತ ಪ್ರಶಸ್ತವಾದ ಜಾಗ ಸುತ್ತಮುತ್ತ ಇಲ್ಲ. ಕನಕಪುರ–ಮಳವಳ್ಳಿ ಹೆದ್ದಾರಿಗೆ ಚನ್ನಪಟ್ಟಣದ ರಸ್ತೆ ಬಂದು ಕೂಡುವುದು ಇಲ್ಲಿಯೇ. ಒಂದು ಕಡೆ ಕೂತರೆ ಮೂರು ಊರಿನ ಬಸ್ಸು ನಿಲ್ಲುತ್ತವೆ. ಹಾಗೆ ಕೂತವರ ಅಡಿಗೆಲ್ಲ ಹಾಸಿಕೊಂಡು ಬಂದದ್ದು ಶಾಮಿಯಾನ ಅಂಗಡಿಯ ಪಟ್ಟೆ ಪಟ್ಟೆ ಜಮಖಾನ. ಮೂಲೆಯಲ್ಲಿ ಮಡಿಚಿಟ್ಟಿದ್ದರು. ಕೊಡವಿದಾಗ ಮೊದಲು ಧೂಳು ಬಂತು, ಆಮೇಲೆ ಮಾತು.

ಇಷ್ಟು ವರ್ಷದಿಂದ ಹೋರಾಟದಲ್ಲಿದ್ದೀರಿ. ನಿಮ್ಮ ಸಿದ್ಧಾಂತ ಏನು?

ಬಾಡಿಗೆ ಸ್ವಾಮಿ. ಅಡ್ವಾನ್ಸ್ ಕೊಟ್ಟೋರಿಗೆ ಹಾಸ್ಕೊತೀನಿ. 2023ರ ಸೆಪ್ಟೆಂಬರ್ 8ಕ್ಕೆ ಮೆಡಿಕಲ್ ಕಾಲೇಜು ಕನಕಪುರಕ್ಕೆ ಹೋಗಬಾರದು ಅಂತ ರಾಮನಗರ ಬಂದ್ ಮಾಡಿದ್ರು. ಇತ್ತ ಕನಕಪುರದೋರು ನಮ್ಮೂರಿಗೇ ಬರಬೇಕು ಅಂತಿದ್ರು. ಎರಡು ಕಡೆಯೋರ ಭಾರವೂ ಒಂದೇ, ಎಲೆಅಡಿಕೆ ಕರೆಯೂ ಒಂದೇ.

ಮೇಕೆದಾಟು ಪಾದಯಾತ್ರೆಯಲ್ಲೂ ಇದ್ರಾ?

ಪಾದಯಾತ್ರೆ ಅಂದ್ರೆ ನನ್ನ ಕಸುಬಿಗೇ ಪೆಟ್ಟು. ನಡೆಯೋರಿಗೆ ಜಮಖಾನ ಯಾಕೆ? 2022ರ ಜನವರಿ 9ಕ್ಕೆ ಸಂಗಮದಿಂದ ‘ನಮ್ಮ ನೀರು ನಮ್ಮ ಹಕ್ಕು’ ಅಂತ ಹೊರಟರು. ಕೊರೊನಾ ಗಲಾಟೆಯಲ್ಲಿ ರಾಮನಗರದಲ್ಲಿ ನಿಲ್ಲಿಸಿದ್ರು. ಫೆಬ್ರವರಿ 27ಕ್ಕೆ ಅಲ್ಲಿಂದಲೇ ಮತ್ತೆ ಹೊರಟರು. ಹೊರಡೋದು, ನಿಲ್ಲೋದು, ಮತ್ತೆ ಹೊರಡೋದು ಮೂರೂ ಮೇಲಿನೋರ ತೀರ್ಮಾನ. ಕಾಲುನೋವು ಮಾತ್ರ ಎಲ್ಲರದೂ.

ಹಾಗಾದರೆ ಕೆಳಗಿನವರು ತೀರ್ಮಾನ ಮಾಡೋದು ಹೇಗೆ? ಒಂದು ಸಭೆ ಬಿಡಿಸಿ ಹೇಳಿ.

ಮೊನ್ನೆ ಆನೆ ಮೀಟಿಂಗನ್ನೇ ತಗೊಳ್ಳಿ. ರಾತ್ರಿ ಕಾಡಾನೆ ಬಂದು ರಾಗಿ ತುಳಿದು, ತೆಂಗಿನ ಸಸಿ ಮುರಿದು ಹೋಗಿದ್ವು. ಹತ್ತಕ್ಕೆ ಸಭೆ ಅಂದ್ರು, ಹನ್ನೊಂದೂವರೆಗೆ ಶುರುವಾಯ್ತು. ಅಧ್ಯಕ್ಷತೆ ಯಾರದು ಅನ್ನೋದಕ್ಕೇ ಮುಕ್ಕಾಲು ಗಂಟೆ. ‘ನಂಗೆ ಬ್ಯಾಡಪ್ಪ’ ಅಂತ ಮೂರು ಸಲ ಅಂದೋರೇ ಅಧ್ಯಕ್ಷರಾದ್ರು. ಒಬ್ಬ ಹುಡುಗ ಎದ್ದು ‘ರಸ್ತೆ ತಡೆ ಮಾಡೋಣ’ ಅಂದ. ಹಿರಿಯರು ‘ಮೊದಲು ಮನವಿ ಕೊಡೋಣ’ ಅಂದ್ರು. ಮನವೀಲಿ ‘ಉಗ್ರವಾಗಿ ಖಂಡಿಸುತ್ತೇವೆ’ ಅನ್ನಬೇಕೋ ‘ವಿನಮ್ರವಾಗಿ ಕೋರುತ್ತೇವೆ’ ಅನ್ನಬೇಕೋ ಅಂತ ಇನ್ನೊಂದು ಗಂಟೆ. ಕೊನೆಗೆ ಎರಡೂ ಹಾಕಿದ್ರು. ಇಲ್ಲಿ ನೋಡಿ, ಈ ತೂತು. ಆ ಚರ್ಚೆ ಕಾವೇರಿದಾಗ ಬಿದ್ದ ಬೀಡಿದು.

ರಾಗಿ ಕಳಕೊಂಡ ಹೆಣ್ಣುಮಗಳು ನನ್ನ ತುದೀಲಿ, ಅರ್ಧ ಮಣ್ಣಿನ ಮೇಲೆ ಅರ್ಧ ನನ್ನ ಮೇಲೆ ಕೂತಿದ್ಲು. ಒಂದೇ ಮಾತು ಆಡಿದ್ಲು: ‘ಆನೆ ಇವತ್ತು ರಾತ್ರಿನೂ ಬತ್ತದೆ.’ ಮುಂದಿದ್ದೋರು ತಿರುಗಿ, ‘ಅಕ್ಕಾ, ಆ ವಿಷಯ ಇನ್ನೂ ಬಂದಿಲ್ಲ, ತಡಿ’ ಅಂದ್ರು.

ರಸ್ತೆ ತಡೆಗೆ ದಿನ ಗೊತ್ತಾಯಿತೇ?

ಅದನ್ನ ಗೊತ್ತು ಮಾಡೋದು ಸಭೆ ಅಲ್ಲ, ಹುಳ. ಇದು ರೇಷ್ಮೆ ಸೀಮೆ ಅಲ್ವ್ರಾ? ಸೋಮವಾರ ಅಂದ್ರೆ ಅರ್ಧ ಜನಕ್ಕೆ ಹುಳ ನಾಲ್ಕನೇ ಜ್ವರ ಎದ್ದಿರ್ತವೆ, ಎಷ್ಟು ಸೊಪ್ಪು ಹಾಕಿದ್ರೂ ಸಾಲಲ್ಲ. ಅದರ ಮುಂದಿನ ವಾರ ಅಂದ್ರೆ ಹಣ್ಣಾಗಿರ್ತವೆ, ಚಂದ್ರಿಕೆಗೆ ಬಿಡಬೇಕು. ಆಮೇಲೆ ಗೂಡು ಬಿಡಿಸಿ ರಾಮನಗರ ಮಾರ್ಕೆಟ್ಟಿಗೆ ಒಯ್ಯಬೇಕು. ಹುಳ ಜ್ವರಕ್ಕೆ ಕೂತು ಬಾಯಿ ಮುಚ್ಚಿಕೊಂಡಿರೋ ದಿನ ಮಾತ್ರ ನಮ್ಮಲ್ಲಿ ಕ್ರಾಂತಿಗೆ ಬಿಡುವು. ಊರೂರ ಮುಖಂಡರು ಇದನ್ನ ತಿಳಕೊಂಡಿಲ್ಲ, ಅದಕ್ಕೇ ಜನ ಬರಲ್ಲ ಅಂತ ಗೋಳಾಡ್ತಾರೆ.

ಕೊನೆಗೆ ಓಟಿಗೆ ಹಾಕಿದರೇ?

ಓಟೆಲ್ಲಿ ಬಂತು! ಡೇರಿಗೆ ಹಾಲು ಹಾಕೋ ಹೊತ್ತಾದ್ರೆ ಸರ್ವಾನುಮತ ತಾನಾಗೇ ಬರ್ತದೆ. ಇನ್ನೂ ಅನುಮಾನ ಉಳಿದ್ರೆ ಕಬ್ಬಾಳಮ್ಮನ ಮೇಲೆ ಆಣೆ ಇಡಿಸ್ತಾರೆ. ಕೈಯೆತ್ತಿ ತಪ್ಪಿಸ್ಕೊಂಡೋರನ್ನ ಕಂಡಿದೀನಿ. ಆಣೆ ಇಟ್ಟು ತಪ್ಪಿಸ್ಕೊಳ್ಳೋಕೆ ಗಂಡೆದೆ ಬೇಕು.

2011ರಲ್ಲಿ ನ್ಯೂಯಾರ್ಕಿನ ಪಾರ್ಕೊಂದರಲ್ಲಿ ಧರಣಿ ಕೂತವರು ಬೆರಳು ಮೇಲೆ ಮಾಡಿ ಆಡಿಸಿದರೆ ಒಪ್ಪಿಗೆ, ಕೆಳಗೆ ಮಾಡಿ ಆಡಿಸಿದರೆ ಇಲ್ಲ ಅಂತ ಇಟ್ಟುಕೊಂಡಿದ್ದರಂತೆ. ಮೈಕಿಗೆ ಅನುಮತಿ ಇಲ್ಲದ್ದರಿಂದ ಒಬ್ಬ ಆಡಿದ ಮಾತನ್ನು ಸುತ್ತಲಿನವರು ಒಟ್ಟಾಗಿ ಮತ್ತೆ ಹೇಳುತ್ತಿದ್ದರಂತೆ.

ಒಬ್ಬ ಅಂದದ್ದನ್ನ ಎಲ್ಲರೂ ಮತ್ತೆ ಅನ್ನೋದು ನಮ್ಮಲ್ಲಿ ಮೈಕು ಇದ್ರೂ ನಡೀತದೆ ಬುಡಿ. ಬೆರಳು ಆಡಿಸೋದು ಮಾತ್ರ ಚೆನ್ನಾಗದೆ. ನಮ್ಮೋರು ಬೆರಳು ತೋರಿಸ್ತಾರೆ, ಆದ್ರೆ ಇನ್ನೊಬ್ಬರ ಕಡೆ.

ಹಳೇ ಚಳವಳಿಗಳಲ್ಲೂ ಹೀಗೇ ಇತ್ತೇ?

ನಮ್ಮಜ್ಜಿ ಜಮಖಾನ ಹೇಳ್ತಿತ್ತು. 1980ರಲ್ಲಿ ನರಗುಂದ–ನವಲಗುಂದದಲ್ಲಿ ಗೋಲಿಬಾರ್ ಆದ್ಮೇಲೆ ರೈತ ಸಂಘ ಎದ್ದು ನಿಂತಾಗ ಪ್ರೊಫೆಸರ್ ನಂಜುಂಡಸ್ವಾಮಿ ಅವರೂ ನೆಲದ ಮೇಲೇ ಕೂರೋರಂತೆ. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಕ್ಕೆ ಬರಬಾರದು ಅಂತ ಹಳ್ಳಿ ಬಾಗಿಲಲ್ಲಿ ಬೋರ್ಡ್ ಹಾಕಿದ್ರು. ಸರ್ಕಾರದ ಮುಂದೆ ನಿಂತು ನಗೋ ಚಳವಳಿನೂ ಮಾಡಿದ್ರು. ನಗೋರ ಮೇಲೆ ಯಾವ ಸೆಕ್ಷನ್ ಹಾಕ್ತಾರೆ, ಹೇಳಿ? ಆಮೇಲೆ ವೇದಿಕೆ ಬಂತು, ವೇದಿಕೆ ಮೇಲೆ ಕುರ್ಚಿ ಬಂತು. ಆರು ಕುರ್ಚಿ ಹಾಕಿದ್ರೆ ಏಳನೇಯೋನು ಹೊಸ ಸಂಘ ಕಟ್ಟಿದ. ಹಸಿರು ಶಾಲಿನ ಬಣ್ಣ ಒಂದೇ, ಬಣ ಮಾತ್ರ ಎಷ್ಟು ಅಂತ ಶಾಲು ಮಾರೋನನ್ನೇ ಕೇಳಬೇಕು.

ನಿಮ್ಮವರು ಗೆದ್ದದ್ದೇ ಇಲ್ಲವೇ?

ಯಾಕಿಲ್ಲ? ದೇವನಹಳ್ಳಿಯ ಚನ್ನರಾಯಪಟ್ಟಣದಲ್ಲಿ ನಮ್ಮ ನೆಂಟನೊಬ್ಬ ಹಾಸ್ಕೊಂಡಿದ್ದ. ಹದಿಮೂರು ಹಳ್ಳಿ, 1,777 ಎಕರೆ. 2022ರ ಏಪ್ರಿಲ್ 4ಕ್ಕೆ ರೈತರು ಕೂತರು. 2025ರ ಜುಲೈ 15ಕ್ಕೆ ಭೂಸ್ವಾಧೀನ ಕೈಬಿಟ್ಟೆವು ಅಂತ ಮುಖ್ಯಮಂತ್ರಿ ಹೇಳೋತನಕ ಏಳಲಿಲ್ಲ. ಭಾಷಣ ಮಾಡ್ದೋರು ಬಂದು ಹೋದ್ರು. ನೆಂಟ ಸವೆದು ಸವೆದು ದಾರದ ಎಳೆಯಾದ, ಆದ್ರೂ ಅವನ ಮುಖದಲ್ಲಿ ಒಂದು ಗತ್ತು ಅದೆ. ಸ್ವಇಚ್ಛೆಯಿಂದ ಜಮೀನು ಕೊಡೋರಿದ್ರೆ ತಗೋತೀವಿ ಅಂತಾನೂ ಸರ್ಕಾರ ಸೇರಿಸ್ತು. ಹಾಗಾಗಿ ಅವನನ್ನ ಇನ್ನೂ ಪೂರ್ತಿ ಮಡಿಚಿಲ್ಲ.

ಬಿಡದಿಯಲ್ಲಿ?

ಭೈರಮಂಗಲ, ಕಂಚುಗಾರನಹಳ್ಳಿ ಕಡೆಯೋರು ಟೌನ್‌ಶಿಪ್ ಬ್ಯಾಡ ಅಂತ ಕೂತವ್ರೆ. 2006ರ ಹೊತ್ತಿಗೆ ಯೋಜನೆ ತಂದ ಪಕ್ಷದೋರು ಈಗ ವಿರೋಧದ ಪೆಂಡಾಲಲ್ಲಿ, ಅಂದು ಎದುರಿಗಿದ್ದೋರು ಈಗ ನೀಲಿನಕ್ಷೆ ಹಿಡಕೊಂಡು. ಜಾಗ ಬದಲಾಯಿಸದೆ ಕೂತಿರೋದು ರೈತರು ಮತ್ತೆ ನಾನು.

ಜಿಲ್ಲೆಯ ದೊಡ್ಡ ತೀರ್ಮಾನಗಳು ನಿಮ್ಮ ಮೇಲೆ ಕೂತೇ ಆದವೇ?

ಒಂದೂ ಇಲ್ಲ. ಸಾತನೂರು ಅಂತ ಒಂದು ವಿಧಾನಸಭಾ ಕ್ಷೇತ್ರವೇ ಇತ್ತು, 1985ರಲ್ಲಿ ದೇವೇಗೌಡರು ಗೆದ್ದಿದ್ದು ಇಲ್ಲಿ. 2008ರ ಚುನಾವಣೆ ಹೊತ್ತಿಗೆ ಪುನರ್ವಿಂಗಡಣೇಲಿ ಕ್ಷೇತ್ರವೇ ಮಾಯ. 2025ರ ಮೇನಲ್ಲಿ ರಾಮನಗರ ಜಿಲ್ಲೆಯೋರು ರಾತ್ರಿ ಮಲಗಿ ಬೆಳಗ್ಗೆ ಎದ್ದರೆ ಬೆಂಗಳೂರು ದಕ್ಷಿಣದೋರಾಗಿದ್ರು. ಅವೆಲ್ಲ ಕಾರ್ಪೆಟ್ ಮೇಲೆ ಆಗೋ ಕೆಲಸ. ಕಾರ್ಪೆಟ್ ನಮ್ಮ ಕುಲದ್ದೇ, ಓದ್ಕೊಂಡು ಬೆಂಗಳೂರು ಸೇರಿದ್ಮೇಲೆ ನಮ್ಮನ್ನ ಮಾತಾಡಿಸಲ್ಲ.

ಆನೆ ಮೀಟಿಂಗಿನ ಗತಿ?

ಮನವಿ ಕೊಟ್ರು, ಫೋಟೊ ತೆಗೆಸ್ಕೊಂಡ್ರು. ಆನೆ ರಾತ್ರಿ ಬಂತು. ಮಾರನೇ ದಿನ ಆ ಹೆಣ್ಣುಮಗಳು ಯಾರನ್ನೂ ಕೇಳದೆ, ನಾಕು ಜನ ಹೆಂಗಸರನ್ನ ಕಟ್ಕೊಂಡು ಸರ್ಕಲ್ಲಲ್ಲಿ ಕೂತ್ಲು. ಹತ್ತೇ ನಿಮಿಷಕ್ಕೆ ಬಸ್ಸು ಸಾಲುಗಟ್ಟಿದ್ವು, ಅರ್ಧ ಗಂಟೆಗೆ ಜೀಪು ಬಂತು. ಅವಳು ನನ್ನನ್ನ ಬಾಡಿಗೆಗೂ ತಗೊಂಡಿರಲಿಲ್ಲ, ಟಾರಿನ ಮೇಲೇ ಕೂತಿದ್ಲು. ಅಧ್ಯಕ್ಷರು ಆಮೇಲೆ ಬಂದು, ಇದು ನಮ್ಮ ಸಂಘದ ತೀರ್ಮಾನ ಅಂದ್ರು.

ನಾಳೆ ಎಲ್ಲಿ ಕಾರ್ಯಕ್ರಮ?

ಬೆಳಗ್ಗೆ ಹೋರಾಟದ ರೂಪುರೇಷೆ ಸಭೆ, ಮಧ್ಯಾಹ್ನ ಒಂದು ತಿಥಿ. ನಂಗೆ ತಿಥಿನೇ ವಾಸಿ. ಅಧ್ಯಕ್ಷತೆಗೆ ಜಗಳ ಇಲ್ಲ, ಎಲೆ ಹಾಕೋತನಕ ಯಾರೂ ಎದ್ದು ಹೋಗಲ್ಲ.