ಕೊಂಡದ್ದಕ್ಕೂ ಕಂದಾಯ
ಗಣಕಯಂತ್ರದ ಬಿಡಿಭಾಗಗಳನ್ನೂ ಅದರಲ್ಲಿ ಓಡುವ ಇತರ ತಂತ್ರಾಂಶಗಳನ್ನೂ ಹದ್ದುಬಸ್ತಿನಲ್ಲಿಡುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಇದನ್ನು ಒಮ್ಮೆ ಕೊಂಡರೆ ಯಂತ್ರ ಸಾಯುವವರೆಗೆ ತನ್ನದೇ ಎಂದು ನಂಬಿದ ಬಳಕೆದಾರನಿಗೆ ಚಂದಾ ಪದ್ಧತಿಯು, ಎಂದರೆ ಹಣ ನಿಂತ ದಿನವೇ ಬಳಕೆಯ ಹಕ್ಕೂ ನಿಲ್ಲುವ ಏರ್ಪಾಡು, ಸ್ವಂತ ಮನೆಗೇ ಬಾಡಿಗೆ ಕಟ್ಟಿದಷ್ಟು ಉರಿ ತರಿಸುತ್ತದೆ. 2013ರಲ್ಲಿ ಅಡೋಬಿ ಸಂಸ್ಥೆಯು ಚಿತ್ರ ತಿದ್ದುವ ತನ್ನ ತಂತ್ರಾಂಶ ಫೋಟೋಶಾಪಿನ ಹೊಸ ಆವೃತ್ತಿಗಳನ್ನು ಚಂದಾದಾರರಿಗಷ್ಟೇ ಕೊಡುವುದಾಗಿ ಸಾರಿದಾಗ ಬಳಕೆದಾರರು ಸಹಿ ಸಂಗ್ರಹಿಸಿ ಕೂಗಾಡಿದರು. ಬೆಳೆದದ್ದು ಮಾತ್ರ ಚಂದಾದಾರರ ಸಂಖ್ಯೆ. ಆದ್ದರಿಂದ 2015ರಲ್ಲಿ ಮೈಕ್ರೋಸಾಫ್ಟ್ ತನ್ನ ಆಪರೇಟಿಂಗ್ ಸಿಸ್ಟಮಾದ ವಿಂಡೋಸ್ 10ನ್ನು ಹಳೆಯ ಆವೃತ್ತಿಗಳ ಬಳಕೆದಾರರಿಗೆ ಒಂದು ವರ್ಷ ಪುಕ್ಕಟೆಯಾಗಿ ಹಂಚುತ್ತ ಅದನ್ನೊಂದು 'ಸೇವೆ' ಎಂದು ಕರೆದಾಗ, ಸೇವೆಯ ಹಿಂದೆಯೇ ರಸೀದಿ ಪುಸ್ತಕವೂ ಬಂದೀತೆಂದು ಅನುಮಾನಿಸಿದವರು ಕಡಿಮೆಯಿರಲಿಲ್ಲ.

ಮನೆಬಳಕೆಯ ವಿಂಡೋಸಿಗೆ ತಿಂಗಳ ಚಂದಾ ಬರಲಿಲ್ಲ, ನಿಜ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಪರಿಷ್ಕರಣೆಗಳು, ಅಂದರೆ ಕಳ್ಳರು ನುಸುಳುವ ಕಿಂಡಿಗಳನ್ನು ಮುಚ್ಚುವ ತೇಪೆಗಳು, ನಿಂತುಹೋಗಿ, ಇನ್ನೊಂದು ವರ್ಷ ಅವು ಬೇಕಾದವರು 30 ಡಾಲರ್ ತೆರಬೇಕು, ಇಲ್ಲವೇ ತಮ್ಮ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟಿನ ಕ್ಲೌಡಿಗೆ, ಎಂದರೆ ಅದರ ದೂರದ ಗಣಕಗಳಿಗೆ, ಒಪ್ಪಿಸಬೇಕು, ಅದೂ ಒಲ್ಲದವರು 1000 ಬಹುಮಾನದ ಅಂಕಗಳನ್ನು ಸಲ್ಲಿಸಬೇಕು ಎಂದಾಯಿತು. ಗ್ರಾಹಕ ಸಂಘಟನೆಗಳು ಪಟ್ಟುಹಿಡಿದದ್ದರಿಂದ ಯುರೋಪಿಯನ್ ಆರ್ಥಿಕ ವಲಯದವರಿಗೆ ದುಡ್ಡೂ ಬೇಡ, ಅಂಕವೂ ಬೇಡವಾಗಿ, ಕಂಪನಿಯ ಖಾತೆಯೊಂದಿದ್ದರೆ ಸಾಕಾಯಿತು. ಉಳಿದ ಜಗತ್ತಿನ ಜಿಪುಣರಿಗೂ (ಈ ಮಾತು ಇಲ್ಲಿ ಪ್ರಶಂಸೆಯೇ) ದಾರಿಯಿಲ್ಲದಿಲ್ಲ: ಆ ಅಂಕಗಳು ಕಂಪನಿಯದೇ ಶೋಧಯಂತ್ರವಾದ ಬಿಂಗ್‌ನಲ್ಲಿ ಹುಡುಕಿದರೆ ದೊರೆಯುವುದರಿಂದ, ತಮಗೆ ಬೇಡದ ಸಂಗತಿಗಳನ್ನೆಲ್ಲ ದಿನವೂ ಶ್ರದ್ಧೆಯಿಂದ ಹುಡುಕುತ್ತ ಕುಳಿತು 30 ಡಾಲರ್ ಉಳಿಸಬಹುದು.